ಸೆರೆವಾಸದ ಕಥೆಯನ್ನು ಯಂತ್ರ ಚಿತ್ರಿಸಿದರೆ ಉತ್ತರ ಹೇಳುವವರು ಯಾರು?

2025ರ ಆಗಸ್ಟ್ ತಿಂಗಳಲ್ಲಿ ಗೂಗಲ್ ಸಂಸ್ಥೆಯು ತನ್ನ ಜೆಮಿನೈ ತಂತ್ರಾಂಶಕ್ಕೆ 'ಸ್ಟೋರಿಬುಕ್' ಎಂಬ ಸೌಲಭ್ಯವನ್ನು ಸೇರಿಸಿತು. ಬೇಕಾದ ಕಥೆ ಯಾವುದೆಂದು ಎರಡು ಸಾಲಿನಲ್ಲಿ ಬರೆದರೆ ಸಾಕು, ಹತ್ತು ಪುಟಗಳ ಸಚಿತ್ರ ಪುಸ್ತಕ ಸ್ವಲ್ಪ ಹೊತ್ತಿನಲ್ಲೇ ಸಿದ್ಧವಾಗುತ್ತದೆ. ಅದನ್ನು ಓದಿ ಹೇಳುವ ಧ್ವನಿಯೂ ಜೊತೆಗೆ ಬರುತ್ತದೆ. ಇಂತಹ ಇನ್ನೂ ಅನೇಕ ತಂತ್ರಾಂಶಗಳು ಬಂದಿವೆ. ಕಥೆ ಕಟ್ಟುವುದು, ಚಿತ್ರ ಬರೆಯುವುದು, ಮಾತಿನ ಗುಳ್ಳೆ ತುಂಬುವುದು, ಮೂರೂ ಈಗ ಒಂದೇ ಯಂತ್ರದ ಕೆಲಸ.

ಇದರ ಪ್ರಭಾವ ನಮ್ಮ ಧರ್ಮಕೇಂದ್ರಗಳಿಗೂ ಬಂದು ಮುಟ್ಟಿದೆ. ಬೇಸಿಗೆ ಶಿಬಿರ, ಧರ್ಮಶಿಕ್ಷಣ ದಿನ, ವಾರ್ಷಿಕ ಹಬ್ಬದ ಸ್ಮರಣ ಸಂಚಿಕೆ ಇವುಗಳಿಗೆ ಯುವಜನರು ಮೊಬೈಲಿನಲ್ಲೇ ಚಿತ್ರಕಥೆ ಮಾಡಿ ತರುತ್ತಿದ್ದಾರೆ. ಸಂತರ ಜೀವನ, ಸಾಮತಿಗಳು, ಬೈಬಲಿನ ಘಟನೆಗಳು ಆದ ಮೇಲೆ ಒಂದು ಪ್ರಶ್ನೆ ತಾನಾಗಿಯೇ ಏಳುತ್ತದೆ. ಕರಾವಳಿಯ ಕಥೊಲಿಕರಾದ ನಮ್ಮ ಪೂರ್ವಜರು ಅನುಭವಿಸಿದ ಶ್ರೀರಂಗಪಟ್ಟಣದ ಸೆರೆವಾಸವನ್ನು ಹೀಗೆಯೇ ಕಾಮಿಕ್ಸ್ ಮಾಡಿ ಮಕ್ಕಳ ಕೈಗೆ ಕೊಡಬಾರದೇಕೆ?

ಪ್ರಶ್ನೆ ಒಳ್ಳೆಯದೇ. ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಆ ಇತಿಹಾಸ ತಿಳಿದಿಲ್ಲ. ಆದರೆ ಉತ್ತರ ಹೇಳುವ ಮೊದಲು ಯಂತ್ರ ಏನು ಮಾಡುತ್ತದೆ, ಆ ಕಥೆಯ ತೂಕ ಎಷ್ಟು ಎಂಬ ಎರಡು ವಿಷಯಗಳನ್ನು ವಿಚಾರಿಸಬೇಕು.

ಚಿತ್ರಕಥೆ ನಮಗೆ ಹೊಸತಲ್ಲ

ಚಿತ್ರದ ಮೂಲಕ ವಿಶ್ವಾಸವನ್ನು ಕಲಿಸುವುದು ಧರ್ಮಸಭೆಯ ಹಳೆಯ ಪದ್ಧತಿ. ಸುಮಾರು ಕ್ರಿ.ಶ. 600ರಲ್ಲಿ ಮಾರ್ಸೆಯ ಬಿಷಪ್ ಸೆರೇನಸ್ ಇಗರ್ಜಿಗಳಲ್ಲಿದ್ದ ಚಿತ್ರಗಳನ್ನು ಒಡೆದು ಹಾಕಿದಾಗ, ಪೋಪ್ ಮಹಾ ಗ್ರೆಗೊರಿ ಅವರಿಗೆ ಪತ್ರ ಬರೆದು ತಿದ್ದಿದರು. ಓದಲು ಬಾರದವರಿಗೆ ಗೋಡೆಯ ಮೇಲಿನ ಚಿತ್ರವೇ ಪುಸ್ತಕ ಎಂಬುದು ಅವರ ವಾದದ ಸಾರವಾಗಿತ್ತು.

ಇದಕ್ಕೆ ನಮ್ಮ ಮಂಗಳೂರಿನಲ್ಲೇ ಸಾಕ್ಷಿ ಇದೆ. ಸಂತ ಅಲೋಶಿಯಸ್ ಪ್ರಾರ್ಥನಾಲಯದ ಛಾವಣಿಯನ್ನೂ ಗೋಡೆಗಳನ್ನೂ ನೋಡಿ. 1899ರಲ್ಲಿ ಮಂಗಳೂರಿಗೆ ಬಂದ ಇಟಲಿಯ ಜೆಸ್ವಿತ್ ಬ್ರದರ್ ಅಂತೋನಿಯೊ ಮೊಸ್ಕೇನಿ, ಸಂತ ಅಲೋಶಿಯಸ್ ಗೊನ್ಸಾಗರ ಜೀವನವನ್ನು ದೃಶ್ಯದ ಬಳಿಕ ದೃಶ್ಯವಾಗಿ ಅಲ್ಲಿ ಬರೆದರು. ಇಂದಿನ ಮಕ್ಕಳ ಕಣ್ಣಿಗೆ ಅದು ಛಾವಣಿಯ ಮೇಲಿನ ಕಾಮಿಕ್ಸ್ ಪುಸ್ತಕದಂತೆಯೇ ಕಂಡರೆ ಆಶ್ಚರ್ಯವಿಲ್ಲ. ಹಾಗೆಂದು ಅದು ಒಂದು ರಾತ್ರಿಯಲ್ಲಿ ಆದ ಕೆಲಸವಲ್ಲ. ಎರಡು ವರ್ಷಕ್ಕೂ ಮೀರಿದ ದುಡಿಮೆ, ಅದರ ಹಿಂದೆ ಬೆರ್ಗಾಮೊ ನಗರದ ಕಲಾಶಾಲೆಯ ಶಿಕ್ಷಣ, ಅದಕ್ಕೂ ಹಿಂದೆ ಸಂತರ ಜೀವನದ ಅಧ್ಯಯನ ಇದ್ದವು.

ಭಾರತದ ಕಾಮಿಕ್ಸ್ ಇತಿಹಾಸದಲ್ಲೂ ನಮ್ಮ ಕರಾವಳಿಗೆ ದೊಡ್ಡ ಪಾಲಿದೆ. 'ಅಮರ ಚಿತ್ರ ಕಥೆ'ಯನ್ನು ಮನೆಮಾತಾಗಿಸಿದ ಅನಂತ ಪೈ 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದವರು. ಆ ಮಾಲಿಕೆಯ ಮೊದಲ ಸಂಚಿಕೆಗಳು 1965ರಲ್ಲಿ ಬಂದದ್ದು ಕನ್ನಡದಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ. ಮುಂದೆ ಅನಂತ ಪೈಯವರ ಸಂಪಾದಕತ್ವದಲ್ಲಿ ಪುರಾಣ, ಇತಿಹಾಸ, ಸಂತರು, ನಾಯಕರು ಎಲ್ಲರೂ ಚೌಕಗಳಲ್ಲಿ ಮೂಡಿದರು. ಪ್ರಭು ಯೇಸುಕ್ರಿಸ್ತರ ಕುರಿತು ಒಂದು ಸಂಚಿಕೆ ಬಂತು. ಟಿಪ್ಪು ಸುಲ್ತಾನನ ಕುರಿತೂ ಬಂತು.

ಆ ಮಾಲಿಕೆಯ ಮೇಲೆ ಟೀಕೆಗಳು ಬರದೆ ಇರಲಿಲ್ಲ. ನಾಯಕರೆಲ್ಲ ಬೆಳ್ಳಗೆ, ರಾಕ್ಷಸರೆಲ್ಲ ಕಪ್ಪಗೆ ಎಂಬ ಆಕ್ಷೇಪವನ್ನು ವಿದ್ವಾಂಸರು ಎತ್ತಿದರು. ಆದರೆ ಆ ಟೀಕೆಗೆ ಒಂದು ವಿಳಾಸವಿತ್ತು. ಸಂಪಾದಕರು ಇಂಥವರು, ಚಿತ್ರ ಬರೆದವರು ರಾಮ್ ವಾಯೀರ್ಕರ್ ಅಥವಾ ಪ್ರತಾಪ್ ಮುಳಿಕ್ ಎಂದು ಹೆಸರು ಹಿಡಿದು ಹೇಳಬಹುದಿತ್ತು. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ತಾಣದಲ್ಲೂ ಹಾಗೆಯೇ. ಅಲ್ಲಿ ಯಾರು ಬೇಕಾದರೂ ಇರುವ ಚಿತ್ರಗಳನ್ನು ಬಳಸಿ ಕನ್ನಡದಲ್ಲಿ ಮಕ್ಕಳ ಪುಸ್ತಕ ಮಾಡಬಹುದು. ಆದರೆ ಬರೆದವರು, ಚಿತ್ರಿಸಿದವರು, ಅನುವಾದಿಸಿದವರು ಯಾರೆಂದು ಪುಸ್ತಕದಲ್ಲಿ ನಮೂದಾಗುತ್ತದೆ.

ಯಂತ್ರ ಕಥೆ ಕಟ್ಟುವುದು ಹೇಗೆ?

ಕಂಪ್ಯೂಟರಿನಿಂದ ಕಥೆ ಹೇಳಿಸುವ ಪ್ರಯತ್ನಕ್ಕೆ ಅರ್ಧ ಶತಮಾನದ ಇತಿಹಾಸವಿದೆ. 1976ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಮೀಹನ್ ಎಂಬವರು 'ಟೇಲ್-ಸ್ಪಿನ್' ಎಂಬ ಪ್ರೋಗ್ರಾಮನ್ನು ತಮ್ಮ ಸಂಶೋಧನೆಯಾಗಿ ಸಿದ್ಧಪಡಿಸಿದರು. ಕರಡಿ, ಇರುವೆ, ಹಕ್ಕಿಗಳ ಸಣ್ಣ ನೀತಿಕಥೆಗಳನ್ನು ಅದು ಹೇಳುತ್ತಿತ್ತು. ಅದರ ತಪ್ಪುಗಳು ಅದರ ಕಥೆಗಳಿಗಿಂತ ಪ್ರಸಿದ್ಧವಾದವು. ಒಮ್ಮೆ ಇರುವೆಯೊಂದು ಹೊಳೆಗೆ ಬಿತ್ತು. ಅದನ್ನು ನೀರಿಗೆ ಎಳೆದದ್ದು ಗುರುತ್ವಾಕರ್ಷಣೆ. ಗುರುತ್ವಾಕರ್ಷಣೆಯೂ ಒಂದು ಪಾತ್ರ ಎಂದು ಯಂತ್ರ ಲೆಕ್ಕ ಹಾಕಿತು. ಅದಕ್ಕೆ ಈಜಲು ಕೈಕಾಲಿಲ್ಲ, ಕಾಪಾಡಲು ಸ್ನೇಹಿತರಿಲ್ಲ. ಆದ್ದರಿಂದ ಗುರುತ್ವಾಕರ್ಷಣೆಯೇ ಮುಳುಗಿ ಸತ್ತಿತು ಎಂದು ಕಥೆ ಮುಗಿಸಿತು!

ಆ ಕಾಲದ ಯಂತ್ರಕ್ಕೆ ಲೋಕಜ್ಞಾನವನ್ನು ಮನುಷ್ಯರೇ ಒಂದೊಂದಾಗಿ ಕಲಿಸಬೇಕಿತ್ತು. ಕಲಿಸದೆ ಬಿಟ್ಟದ್ದು ಕೂಡಲೇ ಕಣ್ಣಿಗೆ ಬೀಳುತ್ತಿತ್ತು. ಇಂದಿನ ಯಂತ್ರದ ವಿಧಾನ ಬೇರೆ. ಅಂತರಜಾಲದಲ್ಲಿರುವ ಅಪಾರ ಬರಹವನ್ನು ಅದಕ್ಕೆ ಉಣಿಸಲಾಗಿದೆ. ಒಂದು ಮಾತಿನ ಬಳಿಕ ಯಾವ ಮಾತು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕುತ್ತ ಅದು ವಾಕ್ಯ ಕಟ್ಟುತ್ತದೆ. ಚಿತ್ರ ಬರೆಯುವ ಯಂತ್ರಗಳಲ್ಲಿ ಹೆಚ್ಚಿನವು ಚುಕ್ಕಿಗಳ ಗೊಂದಲದಿಂದ ಆರಂಭಿಸಿ, ನಾವು ಕೊಟ್ಟ ವರ್ಣನೆಗೆ ಹೊಂದುವಂತೆ ಅದನ್ನು ಹಂತ ಹಂತವಾಗಿ ತಿಳಿಗೊಳಿಸುತ್ತವೆ. ಎರಡೂ ಕಡೆ ನಿಯಮ ಒಂದೇ: ಹೆಚ್ಚು ಕಂಡದ್ದೇ ಹೆಚ್ಚು ಬರುತ್ತದೆ. ಹೀಗಾಗಿ ಇಂದಿನ ತಪ್ಪು ನಗು ತರಿಸುವುದಿಲ್ಲ. ಅದು ನಿಜದಂತೆಯೇ ಕಾಣುತ್ತದೆ.

ಜಪಾನಿನಲ್ಲಿ 2020ರಲ್ಲೇ, ಪ್ರಸಿದ್ಧ ಕಾಮಿಕ್ಸ್ ಕಲಾವಿದ ದಿವಂಗತ ಒಸಾಮು ತೆಜುಕಾ ಅವರ ಶೈಲಿಯನ್ನು ಯಂತ್ರಕ್ಕೆ ಕಲಿಸಿ 'ಪೈದೋನ್' ಎಂಬ ಕೃತಿ ಮಾಡಲಾಯಿತು. ಯಂತ್ರ ಕೊಟ್ಟದ್ದು ಕಥೆಯ ಹಂದರ ಮತ್ತು ಪಾತ್ರಗಳ ಮುಖದ ಸುಳಿವು. ಅದಕ್ಕೆ ರೂಪ ಕೊಟ್ಟವರು ಮನುಷ್ಯರೇ. ಅಮೆರಿಕದಲ್ಲಿ 2022ರಲ್ಲಿ ಕ್ರಿಸ್ ಕಷ್ಟನೋವಾ ಅವರು 'ಜಾರ್ಯಾ ಆಫ್ ದ ಡಾನ್' ಎಂಬ ಕಾಮಿಕ್ಸ್ ಪುಸ್ತಕದ ಚಿತ್ರಗಳನ್ನು ಮಿಡ್‌ಜರ್ನಿ ಎಂಬ ತಂತ್ರಾಂಶದಿಂದ ಬರೆಸಿ ಹಕ್ಕುಸ್ವಾಮ್ಯ ನೋಂದಾಯಿಸಿದರು. 2023ರ ಫೆಬ್ರವರಿಯಲ್ಲಿ ಅಲ್ಲಿನ ಹಕ್ಕುಸ್ವಾಮ್ಯ ಕಚೇರಿ ತನ್ನ ತೀರ್ಮಾನ ತಿಳಿಸಿತು. ಕಥೆಯ ಮಾತುಗಳಿಗೂ ಚಿತ್ರಗಳನ್ನು ಜೋಡಿಸಿದ ಕ್ರಮಕ್ಕೂ ಲೇಖಕಿಯ ಹಕ್ಕು ಇದೆ, ಆದರೆ ಬಿಡಿ ಚಿತ್ರಗಳಿಗೆ ಮನುಷ್ಯ ಕರ್ತೃ ಇಲ್ಲವಾದ್ದರಿಂದ ಹಕ್ಕು ಇಲ್ಲ ಎಂಬುದು ಆ ತೀರ್ಮಾನ.

ಅದು ಹಣ ಮತ್ತು ಹಕ್ಕಿನ ವಿಚಾರ. ನಮಗೆ ಮುಖ್ಯವಾದದ್ದು ಅದರ ಇನ್ನೊಂದು ಮಗ್ಗುಲು. ಕರ್ತೃ ಇಲ್ಲದ ಚಿತ್ರಕ್ಕೆ ಹಕ್ಕುದಾರರು ಇಲ್ಲದಂತೆ, ಹೊಣೆಗಾರರೂ ಇಲ್ಲದೆ ಹೋಗುವ ಅಪಾಯವಿದೆ.

ಬೆಳಗೊಳದ ದಾರಿಯಲ್ಲಿ ಒಂದು ಪರೀಕ್ಷೆ

ಧರ್ಮಕೇಂದ್ರದ ಪ್ರವಾಸಕ್ಕೆ ಮೈಸೂರು ಕಡೆಗೆ ಹೋದವರಿಗೆ ಈ ದಾರಿ ಪರಿಚಿತ. ಶ್ರೀರಂಗಪಟ್ಟಣದ ಕೋಟೆ, ಗಂಜಾಮಿನ ಇಗರ್ಜಿ ನೋಡಿ, ಸಂಜೆಗೆ ಕೃಷ್ಣರಾಜಸಾಗರದ ಕಾರಂಜಿಗೆ ಹೋಗುವಾಗ ಪಾಲಹಳ್ಳಿ, ಬೆಳಗೊಳ ಸಿಗುತ್ತವೆ. ಒಂದು ಬದಿಗೆ ಕಾವೇರಿ, ಬಲಮುರಿಯ ಕಟ್ಟೆ, ಸುತ್ತ ಕಬ್ಬು ಮತ್ತು ಭತ್ತದ ಗದ್ದೆ. ಪಾಲಹಳ್ಳಿ ಹಳೆಯ ಕಥೊಲಿಕ ನೆಲೆ. 17ನೇ ಶತಮಾನದ ಮಧ್ಯದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಕನ್ನಡದಲ್ಲೇ ಧರ್ಮೋಪದೇಶ ಬರೆದ ಜೆಸ್ವಿತ್ ಗುರು ಲಿಯೊನಾರ್ದೊ ಚಿನ್ನಾಮಿಯವರ ಮಿಶನ್ ಪ್ರದೇಶವಿದು. 1784ರ ಬಳಿಕ ನಮ್ಮ ಪೂರ್ವಜರು ಸೆರೆಯಾಳುಗಳಾಗಿ ಕಂಡ ಸೀಮೆಯೂ ಇದೇ.

ಸಂಪಾದಕೀಯ ಬಳಗದಲ್ಲಿ ನಾವು ಒಂದು ತಂತ್ರಾಂಶಕ್ಕೆ ಈ ಕೆಲಸ ಒಪ್ಪಿಸಿ ನೋಡಿದೆವು. 1790ರ ಸುಮಾರಿಗೆ ಬೆಳಗೊಳದ ಬಳಿ ಕಾವೇರಿ ದಡದಲ್ಲಿ ಮಂಗಳೂರಿನ ಒಂದು ಕಥೊಲಿಕ ಸೆರೆಯಾಳು ಕುಟುಂಬ, ಆರು ಚೌಕಗಳ ಕಾಮಿಕ್ಸ್ ಎಂದಷ್ಟೇ ಹೇಳಿದೆವು. ಒಂದು ನಿಮಿಷದೊಳಗೆ ಪುಟ ಬಂತು. ನೋಡಲು ಸೊಗಸಾಗಿತ್ತು. ಬಣ್ಣ, ನೆರಳು, ಕಣ್ಣೀರು ಎಲ್ಲವೂ ಸರಿಯಾದ ಜಾಗದಲ್ಲಿದ್ದವು.

ಹತ್ತಿರದಿಂದ ನೋಡಿದಾಗ ಬೇರೆಯದು ಕಾಣಿಸಿತು. ಮೊದಲ ಚೌಕದ ಹಿನ್ನೆಲೆಯಲ್ಲಿ ದೊಡ್ಡ ಅಣೆಕಟ್ಟು ನಿಂತಿತ್ತು. ಕೃಷ್ಣರಾಜಸಾಗರದ ಕೆಲಸ ಆರಂಭವಾದದ್ದೇ 1911ರಲ್ಲಿ. ಆದರೆ ಬೆಳಗೊಳ ಎಂದರೆ ಅಂತರಜಾಲಕ್ಕೆ ನೆನಪಾಗುವುದು ಅಣೆಕಟ್ಟು. ಎರಡನೆಯ ಚೌಕದಲ್ಲಿ ಮೈಸೂರಿನ ಈಗಿನ ಅರಮನೆಯ ಗುಮ್ಮಟಗಳಿದ್ದವು. ಅದು ಮುಗಿದದ್ದು 1912ರಲ್ಲಿ. ಹೆಂಗಸರಿಗೆ ಯುರೋಪಿನ ಗೌನು ಮತ್ತು ಬಿಳಿ ಮುಸುಕು ತೊಡಿಸಲಾಗಿತ್ತು. ನಮ್ಮ ಅಜ್ಜಿಯಂದಿರ ಕಿರ್ಗಿ-ಬಾಜು, ಗಂಡಸರ ಕುತಾಂವ್ ಮತ್ತು ಮುಂಡಾಸು ಅದಕ್ಕೆ ಗೊತ್ತಿರಲಿಲ್ಲ. ಮಾತಿನ ಗುಳ್ಳೆಗಳಲ್ಲಿ 'ಶ್ರೀರಂಗಪಟ್ಟಣ'ದ ಒತ್ತಕ್ಷರಗಳು ಒಡೆದು ಹೋಗಿದ್ದವು.

ಇವೆಲ್ಲ ತಿದ್ದಬಹುದಾದ ತಪ್ಪುಗಳು. ಅಣೆಕಟ್ಟು ತೆಗೆ ಎಂದರೆ ತೆಗೆಯುತ್ತದೆ. ಅಕ್ಷರದ ದೋಷ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಆದರೆ ತೆಗೆ ಎಂದು ಹೇಳಲು ಅಣೆಕಟ್ಟು ಆಗ ಇರಲಿಲ್ಲ ಎಂದು ಒಬ್ಬರಿಗಾದರೂ ತಿಳಿದಿರಬೇಕು. ಏಳನೆಯ ತರಗತಿಯ ಮಗುವಿಗೆ ಅದು ತಿಳಿದಿರುವುದಿಲ್ಲ.

ಇನ್ನೆರಡು ಸಂಗತಿಗಳು ನಮ್ಮನ್ನು ಹೆಚ್ಚು ಚಿಂತೆಗೀಡುಮಾಡಿದವು. ಒಂದು, ನಾವು ಕೇಳದಿದ್ದರೂ ಯಂತ್ರ ಒಬ್ಬ ಗುರುವನ್ನು ಸೃಷ್ಟಿಸಿ, ಹೆಸರಿಟ್ಟು, ಸಾಯುವಾಗ ಅವರು ಹೇಳಿದ ಪ್ರಾರ್ಥನೆಯನ್ನೂ ಬರೆದಿತ್ತು. ಆಧಾರವೇನೆಂದು ಕೇಳಿದರೆ ಒಂದು ಪುಸ್ತಕದ ಹೆಸರು ಹೇಳಿತು. ಅಂತಹ ಪುಸ್ತಕ ಎಲ್ಲೂ ಸಿಗಲಿಲ್ಲ. ಎರಡು, ಸೈನಿಕರೆಲ್ಲರಿಗೂ ಒಂದೇ ಮುಖ. ಉದ್ದ ಗಡ್ಡ, ಕೆಂಪು ಕಣ್ಣು, ಕ್ರೂರ ನಗು. ಪೇಟ ತೆಗೆದು ಟೋಪಿ ಹಾಕಿದರೆ ಅದು ಇಂದಿನ ನಮ್ಮ ಪೇಟೆಯ ಯಾವುದೇ ಮುಸ್ಲಿಂ ಅಂಗಡಿಯವರ ಮುಖವಾಗಿಬಿಡುತ್ತಿತ್ತು.

ಆ ಕಥೆಯ ತೂಕ

ಸೆರೆವಾಸ ನಡೆದದ್ದು ನಿಜ. ಅದನ್ನು ಮರೆಮಾಚುವ ಅಗತ್ಯ ಇಲ್ಲ, ಮರೆಮಾಚಬಾರದು ಕೂಡ. ಎರಡನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಕೆನರಾದ ಕಥೊಲಿಕರು ಇಂಗ್ಲಿಷರಿಗೆ ನೆರವಾದರು ಎಂಬ ಆರೋಪದ ಮೇಲೆ 1784ರಲ್ಲಿ ಟಿಪ್ಪು ಅವರನ್ನು ಹಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಇಗರ್ಜಿಗಳನ್ನು ಕೆಡವಲಾಯಿತು. ಆಸ್ತಿ ಹೋಯಿತು. ದಾರಿಯಲ್ಲೂ ಸೆರೆಯಲ್ಲೂ ಸಾವಿರಾರು ಮಂದಿ ಸತ್ತರು. ಅನೇಕರನ್ನು ಬಲವಂತದಿಂದ ಮತಾಂತರಿಸಲಾಯಿತು. 1799ರ ಮೇ 4ರಂದು ಟಿಪ್ಪು ಮಡಿದ ಮೇಲೆ ಉಳಿದವರಿಗೆ ಬಿಡುಗಡೆ ಸಿಕ್ಕಿತು.

ಎಷ್ಟು ಮಂದಿ ಸೆರೆಯಾದರು? ಇಲ್ಲಿ ಸಾಕ್ಷಿಗಳ ಮಾತು ಒಂದೇ ಅಲ್ಲ. ಅದೇ ಸೆರೆಯಲ್ಲಿದ್ದು ತಪ್ಪಿಸಿಕೊಂಡ ಇಂಗ್ಲಿಷ್ ಸೈನಿಕ ಜೇಮ್ಸ್ ಸ್ಕರಿ 30 ಸಾವಿರ ಎನ್ನುತ್ತಾನೆ. ಟಿಪ್ಪುವಿನ ಆಸ್ಥಾನದ ಬರಹ 60 ಸಾವಿರ ಎನ್ನುತ್ತದೆ. 1800-01ರಲ್ಲಿ ಈ ಪ್ರದೇಶದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅದಕ್ಕಿಂತಲೂ ಹೆಚ್ಚಿನ ಲೆಕ್ಕ ಕೊಡುತ್ತಾನೆ. ಆಸ್ಥಾನಕ್ಕೆ ಗೆಲುವನ್ನು ದೊಡ್ಡದು ಮಾಡಿ ಹೇಳುವ ಆಸೆ ಇತ್ತು. ಕಂಪೆನಿಯ ಕಡೆಯವರಿಗೆ ಟಿಪ್ಪುವನ್ನು ಕಪ್ಪಾಗಿಸುವ ಅಗತ್ಯವಿತ್ತು. ನಮ್ಮವರ ನೆನಪು ಬರಹಕ್ಕೆ ಇಳಿದದ್ದು ಬಹುಮಟ್ಟಿಗೆ ತಡವಾಗಿ, ಬಾಯಿಂದ ಬಾಯಿಗೆ ದಾಟಿದ ಮೇಲೆ. ಪ್ರಾಮಾಣಿಕ ಚರಿತ್ರಕಾರರು ಇವರೆಲ್ಲರನ್ನೂ ಎದುರೆದುರು ನಿಲ್ಲಿಸಿ ಕೇಳುತ್ತಾರೆ. ಯಂತ್ರ ಒಂದು ಸಂಖ್ಯೆ ಆರಿಸಿ ಗುಳ್ಳೆಯೊಳಗೆ ಹಾಕುತ್ತದೆ.

ಶುಭಸಂದೇಶಗಳ ವಿಷಯದಲ್ಲಿ ಧರ್ಮಸಭೆ ನಡೆದುಕೊಂಡ ರೀತಿಯನ್ನು ಇಲ್ಲಿ ನೆನೆಯಬಹುದು. ಎರಡನೆಯ ಶತಮಾನದಲ್ಲಿ ತಾತಿಯಾನ್ ಎಂಬವರು ನಾಲ್ಕು ಶುಭಸಂದೇಶಗಳನ್ನು ಹೆಣೆದು ಒಂದೇ ಕಥನ ಮಾಡಿದರು. ಓದಲು ಸುಲಭವಾಗಿತ್ತು, ಸಿರಿಯಾದ ಕಡೆ ಬಹುಕಾಲ ಬಳಕೆಯಲ್ಲೂ ಇತ್ತು. ಆದರೂ ಧರ್ಮಸಭೆ ಕೊನೆಗೆ ನಾಲ್ಕನ್ನೂ ನಾಲ್ಕಾಗಿಯೇ ಉಳಿಸಿಕೊಂಡಿತು. ಸಾಕ್ಷಿಗಳ ನಡುವಿನ ವ್ಯತ್ಯಾಸವನ್ನು ಒರೆಸಿ ಹಾಕುವುದು ಸತ್ಯಕ್ಕೆ ಸೇವೆ ಅಲ್ಲ ಎಂಬ ವಿವೇಕ ಅದರಲ್ಲಿತ್ತು. ಸಂತ ಲೂಕರು ತಮ್ಮ ಶುಭಸಂದೇಶದ ಆರಂಭದಲ್ಲೇ, ಕಣ್ಣಾರೆ ಕಂಡವರಿಂದ ಬಂದದ್ದನ್ನು ಮೊದಲಿನಿಂದ ವಿಚಾರಿಸಿ ಬರೆಯುತ್ತಿರುವುದಾಗಿ ತಿಳಿಸುತ್ತಾರೆ. ಚಿತ್ರಕಾರರ ಪಾಲಕ ಸಂತರೂ ಅವರೇ.

ಇತಿಹಾಸದಲ್ಲಿ ಯಂತ್ರದ ಆರು ಚೌಕಗಳಿಗೆ ಹೊಂದದ ಸಂಗತಿಗಳೂ ಇವೆ. ಫರಂಗಿಪೇಟೆಯ ಮೊಂತೆ ಮರಿಯಾನೊ ಆಶ್ರಮ ಉಳಿದದ್ದು ಅಲ್ಲಿನ ವಂ. ಜೋಕಿಂ ಮಿರಾಂಡರಿಗೆ ಹೈದರಾಲಿಯೊಂದಿಗಿದ್ದ ಸ್ನೇಹದಿಂದ ಎಂದು ನಮ್ಮ ಪರಂಪರೆಯೇ ಹೇಳುತ್ತದೆ. ಸೆರೆಯಿಂದ ತಪ್ಪಿಸಿಕೊಂಡು ಬಂದ ಕಥೊಲಿಕರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಆಶ್ರಯ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮ ಇಗರ್ಜಿಯ ಮೂಲ 1792ರ ಆ ಔದಾರ್ಯದಲ್ಲಿದೆ. ಟಿಪ್ಪುವಿನ ಸೆರೆಯಲ್ಲಿ ಕೊಡವರೂ ನರಳಿದರು. ಅದೇ ಟಿಪ್ಪು ಶೃಂಗೇರಿ ಮಠಕ್ಕೆ ಗೌರವದ ಪತ್ರಗಳನ್ನು ಬರೆದ, ನೆರವು ಕೊಟ್ಟ. 1799ರ ಬಳಿಕ ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದ ಫ್ರೆಂಚ್ ಗುರು ಅಬ್ಬೆ ದುಬುವಾ ಗಂಜಾಮಿನಲ್ಲಿ ಇಗರ್ಜಿ ಕಟ್ಟಿದರು, ಹಾಸನದ ಬಳಿ ಸತ್ತಿಹಳ್ಳಿಯಲ್ಲಿ ರೈತರ ನೆಲೆ ಸ್ಥಾಪಿಸಿದರು, ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸುವ ಕೆಲಸಕ್ಕೆ ಮುಂದಾದರು. ಸೆರೆವಾಸದ ಕಥೆ ದ್ವೇಷದಲ್ಲಿ ಮುಗಿಯುವುದಿಲ್ಲ, ಮತ್ತೆ ಕಟ್ಟುವ ಕೆಲಸದಲ್ಲಿ ಮುಂದುವರಿಯುತ್ತದೆ ಎಂಬುದನ್ನು ಮಕ್ಕಳಿಗೆ ಹೇಳಬೇಡವೆ?

ಇಂದಿನ ರಾಜ್ಯದ ಸ್ಥಿತಿಯನ್ನೂ ಗಮನಿಸಬೇಕು. ರಾಜ್ಯ ಸರಕಾರ 2015ರಲ್ಲಿ ಟಿಪ್ಪು ಜಯಂತಿ ಆರಂಭಿಸಿದಾಗ ಕೊಡಗಿನಲ್ಲಿ ಗಲಭೆಯಾಗಿ ಜೀವಹಾನಿಯಾಯಿತು. 2019ರಲ್ಲಿ ಬೇರೆ ಸರಕಾರ ಅದನ್ನು ರದ್ದು ಮಾಡಿತು. ಆ ಹೆಸರು ಎತ್ತಿದರೆ ಸಾಕು, ಪಕ್ಷಗಳು ಎರಡೂ ಬದಿಯಿಂದ ಓಡಿ ಬರುತ್ತವೆ. ನಮ್ಮ ಪೂರ್ವಜರ ನೋವನ್ನು ಇನ್ನೊಬ್ಬರ ಮೇಲೆ ಎಸೆಯುವ ಕಲ್ಲಾಗಿ ಬಳಸಲು ಆಸೆಪಡುವವರಿದ್ದಾರೆ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನ ಪ್ರಾರ್ಥನಾಲಯಗಳ ಮೇಲೆ ದಾಳಿಯಾದದ್ದನ್ನು ಕಂಡ ನಮಗೆ, ಒಂದು ಸಮುದಾಯದ ಬಗ್ಗೆ ಕಟ್ಟಿದ ಸುಳ್ಳು ಚಿತ್ರ ಎಲ್ಲಿಗೆ ಮುಟ್ಟಿಸುತ್ತದೆ ಎಂದು ಬೇರೆಯವರು ಹೇಳಬೇಕಾಗಿಲ್ಲ. ನೆರೆಯವರ ವಿರುದ್ಧ ಸುಳ್ಳುಸಾಕ್ಷಿ ಹೇಳಬಾರದೆಂಬ ಎಂಟನೆಯ ಆಜ್ಞೆ ಮಾತಿಗೆ ಮಾತ್ರವಲ್ಲ, ಚಿತ್ರಕ್ಕೂ ಅನ್ವಯಿಸುತ್ತದೆ.

ಧರ್ಮಸಭೆಯ ನಿಲುವು

ಧರ್ಮಸಭೆ ಯಂತ್ರವನ್ನು ಶಪಿಸಿಲ್ಲ. ಪೋಪ್ ಫ್ರಾನ್ಸಿಸ್ 2024ರ ಲೋಕ ಸಂವಹನ ದಿನಕ್ಕೆ ಕೃತಕ ಬುದ್ಧಿಮತ್ತೆ ಮತ್ತು ಹೃದಯದ ವಿವೇಕ ಎಂಬ ವಿಷಯವನ್ನೇ ಆರಿಸಿದರು. ಸುಳ್ಳು ಚಿತ್ರಗಳಿಗೆ ತಾವೂ ಗುರಿಯಾದುದನ್ನು ಆ ಸಂದೇಶದಲ್ಲಿ ಅವರು ನೆನಪಿಸಿಕೊಂಡರು. 2023ರ ಮಾರ್ಚ್‌ನಲ್ಲಿ ಅವರು ದೊಡ್ಡ ಬಿಳಿ ಜಾಕೆಟ್ ತೊಟ್ಟಂತೆ ಯಂತ್ರದಿಂದ ಮಾಡಿದ ಚಿತ್ರವನ್ನು ಲೋಕದ ಎಷ್ಟೋ ಮಂದಿ ನಿಜವೆಂದೇ ನಂಬಿದ್ದರು. 2025ರ ಜನವರಿಯಲ್ಲಿ ವ್ಯಾಟಿಕನ್ ಹೊರಡಿಸಿದ 'ಆಂತಿಕ್ವಾ ಎತ್ ನೋವಾ' ಎಂಬ ದಾಖಲೆ ಈ ವಿಷಯವನ್ನು ವಿಸ್ತಾರವಾಗಿ ಚರ್ಚಿಸುತ್ತದೆ. ಯಂತ್ರ ಎಷ್ಟೇ ಚುರುಕಾಗಿದ್ದರೂ ನೈತಿಕ ಹೊಣೆ ಮನುಷ್ಯರದ್ದೇ ಎಂಬುದು ಅದರ ತಿರುಳು.

2025ರ ಮೇ 8ರಂದು ಆಯ್ಕೆಯಾದ ಪೋಪ್ ಹದಿನಾಲ್ಕನೇ ಲಿಯೋ, ಎರಡೇ ದಿನಗಳ ಬಳಿಕ ಕಾರ್ಡಿನಲರ ಮುಂದೆ ತಮ್ಮ ಹೆಸರಿನ ಕಾರಣ ವಿವರಿಸಿದರು. ಹದಿಮೂರನೇ ಲಿಯೋ 1891ರಲ್ಲಿ 'ರೇರುಂ ನೊವಾರುಂ' ಪರಿಪತ್ರದ ಮೂಲಕ ಕೈಗಾರಿಕಾ ಕ್ರಾಂತಿಯ ಕಾಲದ ಕಾರ್ಮಿಕರ ಪರ ಮಾತಾಡಿದಂತೆ, ಕೃತಕ ಬುದ್ಧಿಮತ್ತೆಯ ಈ ಕಾಲದಲ್ಲೂ ಮನುಷ್ಯ ಘನತೆ, ನ್ಯಾಯ, ದುಡಿಮೆಗಳ ಪರ ಧರ್ಮಸಭೆ ಮಾತಾಡಬೇಕು ಎಂಬುದು ಅವರ ಆಶಯ.

ಕಥೊಲಿಕ ಸಂಸ್ಥೆಗಳೂ ಎಡವಿದ್ದುಂಟು. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಕ್ಯಾಥೊಲಿಕ್ ಆನ್ಸರ್ಸ್ ಎಂಬ ಸಂಸ್ಥೆ 'ಫಾದರ್ ಜಸ್ಟಿನ್' ಎಂಬ ಗಣಕ ಗುರುವನ್ನು ಪರಿಚಯಿಸಿತು. ನಿಲುವಂಗಿ ತೊಟ್ಟು ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದ ಆ ಚಿತ್ರರೂಪ ತಾನು ನಿಜವಾದ ಗುರು ಎನ್ನುವಂತೆ ಮಾತಾಡತೊಡಗಿತು. ಟೀಕೆ ಎದ್ದಿತು. ಕೆಲವೇ ದಿನಗಳಲ್ಲಿ ಸಂಸ್ಥೆ ಅದರ ನಿಲುವಂಗಿ ಕಳಚಿ ಸಾಮಾನ್ಯ ಉಡುಪು ತೊಡಿಸಿತು. ಉದ್ದೇಶ ಒಳ್ಳೆಯದಿತ್ತು. ಆದರೆ ಅಭಿಷೇಕವಿಲ್ಲದ, ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲದ ಒಂದು ಮುಖಕ್ಕೆ ಗುರುವಿನ ಅಧಿಕಾರ ಕೊಟ್ಟದ್ದೇ ತಪ್ಪಾಯಿತು.

ಕಾಗದಕ್ಕೆ ಬೆಲೆ ಇದ್ದಾಗ

ಬೆಳಗೊಳದಲ್ಲಿ ಒಂದು ಕಾಲಕ್ಕೆ ಮಂಡ್ಯ ನ್ಯಾಷನಲ್ ಪೇಪರ್ ಮಿಲ್ಸ್ ಕಾರ್ಖಾನೆ ನಡೆಯುತ್ತಿತ್ತು. ಸುತ್ತಲಿನ ಕಬ್ಬಿನ ಸಿಪ್ಪೆಯಿಂದ ಅಲ್ಲಿ ಕಾಗದ ಮಾಡುತ್ತಿದ್ದರು. ಅದು ಮುಚ್ಚಿ ಎಷ್ಟೋ ವರ್ಷಗಳಾದವು. ಕಾಗದ ದುಬಾರಿಯಾಗಿದ್ದ ಆ ದಿನಗಳಲ್ಲಿ ಒಂದು ಧರ್ಮಕೇಂದ್ರ ಸಣ್ಣ ಪುಸ್ತಿಕೆ ತರಬೇಕಾದರೂ ಬರೆದದ್ದನ್ನು ವಿಗಾರರು ಓದುತ್ತಿದ್ದರು, ಹಿರಿಯ ಮೇಷ್ಟ್ರೊಬ್ಬರು ಕರಡು ತಿದ್ದುತ್ತಿದ್ದರು, ಅಚ್ಚುಕೂಟದ ಮೊಳೆ ಜೋಡಿಸುವವರು ಸಹ ಇದು ಸರಿಯೇ ಎಂದು ಕೇಳುತ್ತಿದ್ದರು. ಖರ್ಚಿನ ಭಯವೇ ಒಂದು ಕಾವಲಾಗಿತ್ತು.

ಆ ಕಾಲ ಮರಳಿ ಬರಲಿ ಎಂದು ನಾವು ಹೇಳುತ್ತಿಲ್ಲ. ಖರ್ಚಿಲ್ಲದ ಯಂತ್ರದಿಂದ ಲಾಭವೂ ಇದೆ. ಚಿತ್ರಕಾರರಿಗೆ ಕೊಡಲು ಹಣವಿಲ್ಲದ ಸಣ್ಣ ಧರ್ಮಕೇಂದ್ರ ಸಹ ಇಂದು ಮಕ್ಕಳಿಗೆ ಬಣ್ಣದ ಪುಸ್ತಕ ಕೊಡಬಹುದು. 2025ರಲ್ಲಿ ಬೆಂಗಳೂರಿನ ದೇವಸ್ಥಾನವೊಂದರ ಅರ್ಚಕರಾದ ನರಸಿಂಹಮೂರ್ತಿಯವರು 'ಲವ್ ಯೂ' ಎಂಬ ಕನ್ನಡ ಚಲನಚಿತ್ರವನ್ನೇ ಕೃತಕ ಬುದ್ಧಿಮತ್ತೆಯಿಂದ ತಯಾರಿಸಿದರು. ಸುಮಾರು ಹತ್ತು ಲಕ್ಷ ರೂಪಾಯಿಯಲ್ಲಿ ಮುಗಿದ ಆ ಚಿತ್ರಕ್ಕೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರವೂ ಸಿಕ್ಕಿತು. ದೊಡ್ಡ ಬಂಡವಾಳ ಇಲ್ಲದವರಿಗೂ ಬಾಗಿಲು ತೆರೆದಿದೆ ಎಂಬುದಕ್ಕೆ ಇದು ಉದಾಹರಣೆ. ಆದರೆ ಅಲ್ಲಿಯೂ ಮಂಡಳಿಯ ಮುಂದೆ ಹೆಸರು ಕೊಟ್ಟು ನಿಂತವರು ಮನುಷ್ಯರು. ಖರ್ಚಿನ ಕಾವಲು ಹೋದ ಮೇಲೆ ಮನಸ್ಸಾಕ್ಷಿಯ ಕಾವಲನ್ನು ನಾವೇ ಇಡಬೇಕಾಗಿದೆ.

ಧರ್ಮಕೇಂದ್ರಗಳಲ್ಲಿ ಏನು ಮಾಡಬಹುದು?

ಧರ್ಮಶಿಕ್ಷಣದ ಶಿಕ್ಷಕರು, ಯುವಜನ ಸಂಘಟನೆಗಳ ಸಚೇತಕರು ಮತ್ತು ಪಾಲನಾ ಮಂಡಳಿಗಳ ಮುಂದೆ ನಾವು ಈ ಸಲಹೆಗಳನ್ನು ಇಡುತ್ತೇವೆ.

1. ಕಥೆ ಮೊದಲು, ಯಂತ್ರ ನಂತರ. ಮಕ್ಕಳು ಮೊದಲು ಮನೆಯ ಹಿರಿಯರನ್ನು ಕೇಳಲಿ, ಧರ್ಮಕೇಂದ್ರದ ದಾಖಲೆ ನೋಡಲಿ, ಸಾಧ್ಯವಾದರೆ ಸ್ಥಳಕ್ಕೆ ಹೋಗಲಿ. ಕಥೆಯನ್ನು ಕೈಯಲ್ಲಿ ಬರೆದು ಮುಗಿಸಿದ ಮೇಲೆ ಚಿತ್ರಕ್ಕೆ ಮಾತ್ರ ಯಂತ್ರದ ನೆರವು ಪಡೆಯಲಿ.

2. ಪ್ರತಿ ಚೌಕಕ್ಕೂ ಒಂದು ಆಧಾರ. ಈ ಉಡುಪು, ಈ ಕಟ್ಟಡ, ಈ ಮಾತು ಎಲ್ಲಿಂದ ಬಂತು ಎಂದು ಶಿಕ್ಷಕರು ಕೇಳಲಿ. ಉತ್ತರ ಇಲ್ಲದ ಚೌಕವನ್ನು ತೆಗೆಯಲಿ, ಅಥವಾ ಇದು ಕಲ್ಪನೆ ಎಂದು ಅದರ ಕೆಳಗೇ ಬರೆಯಲಿ. ಸಾಕ್ಷಿಗಳ ಲೆಕ್ಕ ಬೇರೆ ಬೇರೆ ಇದ್ದಲ್ಲಿ ಎರಡನ್ನೂ ಕೊಡಲಿ.

3. ವೈರಿಯ ಮುಖವನ್ನು ಎರಡು ಸಲ ನೋಡಲಿ. ಇಡೀ ಸಮುದಾಯವನ್ನು ಒಂದೇ ಕ್ರೂರ ಮುಖದಲ್ಲಿ ತೋರಿಸುವ ಚಿತ್ರ ನಮ್ಮ ಇಗರ್ಜಿಯ ಹೆಸರಿನಲ್ಲಿ ಹೊರಗೆ ಹೋಗಬಾರದು. ನೆರೆಯ ಮುಸ್ಲಿಂ ಗೆಳೆಯರ ಕೈಗೆ ಈ ಪುಸ್ತಕ ಕೊಡಲು ನಮಗೆ ಸಂಕೋಚವಾಗುತ್ತದೆಯೇ ಎಂದು ಕೇಳಿಕೊಂಡರೆ ಸಾಕು.

4. ಮಕ್ಕಳ ಭಾವಚಿತ್ರ ಯಂತ್ರಕ್ಕೆ ಬೇಡ. ಮಗುವನ್ನೇ ಕಥೆಯ ನಾಯಕನಾಗಿಸುವ ಆಸೆಯಿಂದ ಫೋಟೊ ಏರಿಸುವುದು ಸುಲಭ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ವರ್ಷದೊಳಗಿನವರ ಮಾಹಿತಿ ಬಳಕೆಗೆ ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಕಾಯಿದೆ ಇರಲಿ ಇಲ್ಲದಿರಲಿ, ಮಕ್ಕಳ ರಕ್ಷಣೆ ನಮ್ಮ ಕರ್ತವ್ಯ.

5. ಹೆಸರು ಬರೆಯಿರಿ. ಕಥೆ ಬರೆದವರು ಯಾರು, ಪರಿಶೀಲಿಸಿದವರು ಯಾರು, ಚಿತ್ರ ಯಂತ್ರದ್ದೇ ಅಲ್ಲವೇ ಎಂಬುದು ಮೊದಲ ಪುಟದಲ್ಲೇ ಇರಲಿ. ಯಂತ್ರದಿಂದ ಮಾಡಿದ ಚಿತ್ರ, ದೃಶ್ಯಗಳಿಗೆ ಗುರುತು ಹಾಕಬೇಕೆಂಬ ಕರಡು ನಿಯಮವನ್ನು ಕೇಂದ್ರ ಸರಕಾರ 2025ರ ಅಕ್ಟೋಬರ್‌ನಲ್ಲಿ ಹೊರಡಿಸಿತು. ಕಾನೂನು ಹೇಳಲಿ ಹೇಳದಿರಲಿ, ನಾವು ಮಾಡಿ ತೋರಿಸಬೇಕಾದ ಕೆಲಸವಿದು.

6. ಊರಿನ ಕಲಾವಿದರನ್ನು ಮರೆಯಬೇಡಿ. ಚಿತ್ರ ಬರೆಯಬಲ್ಲ ಒಂದು ಮಗು ಪ್ರತಿ ಧರ್ಮಕೇಂದ್ರದಲ್ಲೂ ಇದೆ. ಅದು ಬರೆದ ಕಿರ್ಗಿ-ಬಾಜು ಸ್ವಲ್ಪ ಸೊಟ್ಟಗಿದ್ದರೂ ಸರಿಯಾದ ಕಿರ್ಗಿ-ಬಾಜುವೇ ಆಗಿರುತ್ತದೆ, ಏಕೆಂದರೆ ಅದು ತನ್ನ ಅಜ್ಜಿಯ ಪೆಟ್ಟಿಗೆಯಲ್ಲಿದ್ದುದನ್ನು ನೋಡಿ ಬರೆದದ್ದು.

ಕೊನೆಯ ಮಾತು

ಶ್ರೀರಂಗಪಟ್ಟಣದಲ್ಲಿ ಸತ್ತವರಲ್ಲಿ ಹೆಚ್ಚಿನವರ ಹೆಸರು ಎಲ್ಲೂ ದಾಖಲಾಗಿಲ್ಲ. ಅವರ ಮುಖ ಹೇಗಿತ್ತೆಂದು ಯಾರಿಗೂ ಗೊತ್ತಿಲ್ಲ. ಆ ಖಾಲಿ ಜಾಗವನ್ನು ಯಂತ್ರ ಒಂದು ನಿಮಿಷದಲ್ಲಿ ತುಂಬಿಸಿ ಕೊಡುತ್ತದೆ. ಹಾಗೆ ತುಂಬಿಸಿದ ಮುಖ ಅವರದ್ದಲ್ಲ. ಯಾರೋ ಎಲ್ಲೋ ಏರಿಸಿದ ಲಕ್ಷಾಂತರ ಚಿತ್ರಗಳ ಸರಾಸರಿ ಅದು. ಸತ್ತವರಿಗೆ ನಾವು ಸಲ್ಲಿಸಬೇಕಾದ ಮೊದಲ ಗೌರವವೆಂದರೆ ಅವರ ಬಾಯಲ್ಲಿ ಅವರಾಡದ ಮಾತು ತುರುಕದಿರುವುದು.

ಆದ್ದರಿಂದ ಸೆರೆವಾಸದ ಕಾಮಿಕ್ಸ್ ಖಂಡಿತ ಬರಲಿ. ಕನ್ನಡದಲ್ಲೂ ಕೊಂಕಣಿಯಲ್ಲೂ ಬರಲಿ. ಅದನ್ನು ಮಾಡಲು ಹೊರಡುವ ಯುವಜನರು ಮೊದಲು ಘಟ್ಟ ಹತ್ತಿ ಒಂದು ದಿನ ಗಂಜಾಮಿನ ಇಗರ್ಜಿಯಲ್ಲಿ ಮೊಣಕಾಲೂರಲಿ, ಪಾಲಹಳ್ಳಿ, ಬೆಳಗೊಳದ ದಾರಿಯಲ್ಲಿ ನಡೆಯಲಿ, ಅಲ್ಲಿನ ಕ್ರೈಸ್ತರೊಂದಿಗೂ ಇತರರೊಂದಿಗೂ ಮಾತಾಡಲಿ. ಕಂಡದ್ದನ್ನೂ ಕೇಳಿದ್ದನ್ನೂ ಬರೆದು ಅದರ ಕೆಳಗೆ ತಮ್ಮ ಹೆಸರು ಹಾಕಲಿ. ಹಾಗೆ ಹೆಸರು ಹಾಕಲು ಸಿದ್ಧರಾದವರ ಕೈಯಲ್ಲಿ ಯಂತ್ರ ಒಂದು ಒಳ್ಳೆಯ ಕುಂಚವಾಗಬಲ್ಲದು.